ಕಂಪನಿ ಲೆನ್ಸು, ಕೆಂಪು ಟೊಪ್ಪಿಗೆ

ಅನುಮಾನ ಒಂದು ಕಾಯಿಲೆ ಎಂದು ನನ್ನ ಹೆಂಡತಿ ಕಿನುಕೊ ಹೇಳುತ್ತಾಳೆ. ಕಾಯಿಲೆಯಾದರೆ ಅದಕ್ಕೆ ತಿಂಗಳು ತಿಂಗಳು ಸಂಬಳ ಕೊಡುತ್ತಾರೆಯೇ? ನನಗೆ ಕೊಡುತ್ತಾರೆ. ತೂಕ ಮತ್ತು ಅಳತೆಯ ಕಚೇರಿಯಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ತಕ್ಕಡಿ ತಪಾಸಣೆಗಾರ. ಮೀನಿನಂಗಡಿ, ಚಹಾದಂಗಡಿ, ಬೇಕರಿ, ಎಲ್ಲಿ ಹೋದರೂ ಅಲ್ಲಿಯ ತಕ್ಕಡಿಯನ್ನು ಕಳ್ಳನನ್ನು ನೋಡುವ ಹಾಗೆ ನೋಡುವುದು ನನ್ನ ಕೆಲಸ. ನನ್ನ ಹೆಸರು ಹಿರುಕಾವಾ ನೊಬುಮಿತ್ಸು. (ಹೆಸರು ಹೇಳಬಾರದೆಂದಿದ್ದೆ. ಆದರೆ ಆದದ್ದು ಟೊಕೊರೊಜಾವಾ ಊರಿಗೆಲ್ಲ ಗೊತ್ತಾಗಿ ಹೋಗಿದೆ, ಇನ್ನು ಮುಚ್ಚಿಟ್ಟು ಏನು ಪ್ರಯೋಜನ?)

ಕಿನುಕೊ ನನಗೆ ಸಿಕ್ಕಿದ್ದೂ ತಪಾಸಣೆಯಲ್ಲೇ. ಸೂಪರ್‌ಮಾರ್ಕೆಟ್ಟಿನಲ್ಲಿ ಕರಿದ ತಿಂಡಿ ಮಾರುವ ಕಟ್ಟೆಯ ಹಿಂದೆ ನಿಂತಿದ್ದಳು. ಅವಳ ತಕ್ಕಡಿ ಎರಡು ಗ್ರಾಂ ಹೆಚ್ಚು ತೋರಿಸುತ್ತಿತ್ತು. ನೋಟೀಸು ಬರೆದುಕೊಟ್ಟೆ. ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, “ಮನೇಲಿ ಊಟಕ್ಕೆ ಕೂತ್ರೆ ಅನ್ನದ ಅಗುಳು ಎಣಿಸಿ ತಿಂತೀರಾ?” ಎಂದು ಕೇಳಿದಳು. ಆ ಎರಡು ಗ್ರಾಮಿಗೆ ನಾನು ಇವತ್ತಿನವರೆಗೂ ದಂಡ ತೆರುತ್ತಿದ್ದೇನೆ.

ಇರಲಿ. ವಿಷಯಕ್ಕೆ ಬರುತ್ತೇನೆ. ನಮ್ಮ ಒಬ್ಬಳೇ ಮಗಳು ಚಿಸಾತೊ ಈ ವರ್ಷ ಆರನೇ ತರಗತಿ. ಪ್ರಾಥಮಿಕ ಶಾಲೆಯಲ್ಲಿ ಅವಳಿಗೆ ಇದು ಕೊನೆಯ ಕ್ರೀಡಾ ದಿನ. ಹುಡುಗಿಯರ ರಿಲೇ ಓಟಕ್ಕೆ ಕೆಂಪು ತಂಡದಿಂದ ಅವಳು ಆಯ್ಕೆಯಾಗಿದ್ದಳು. ಶಾಲೆ ಮುಗಿಸಿ ಹೋಗುವ ಮಕ್ಕಳಿಗೆಲ್ಲ ಒಂದು ನೆನಪಿನ ಆಲ್ಬಮ್ ಮಾಡಿಕೊಡುತ್ತಾರೆ. ಅದರಲ್ಲಿ ಒಂದೊಂದು ಮಗುವಿಗೆ ಅರ್ಧರ್ಧ ಪುಟ. ಆ ಅರ್ಧ ಪುಟಕ್ಕೆ ಕ್ರೀಡಾ ದಿನದ ಒಂದು ಫೋಟೋ, ಮನೆಯವರೇ ತೆಗೆದದ್ದು, ಕೊಡಬೇಕು. ನಮ್ಮ ಮನೆಯಲ್ಲಿ ಹಿಂದಿನ ಐದು ವರ್ಷಗಳ ಕ್ರೀಡಾ ದಿನದ ಫೋಟೋಗಳಿವೆ. ಒಂದನೇ ತರಗತಿಯದರಲ್ಲಿ ಚಿಸಾತೊ ಎಳ್ಳುಕಾಳಿನಷ್ಟು ಬಂದಿದ್ದಾಳೆ. ಮೂರನೆಯದರಲ್ಲಿ ನಾನು ಹಗ್ಗದ ಹತ್ತಿರಕ್ಕೆ ನುಗ್ಗಿದ್ದರಿಂದ ಹೆಸರುಕಾಳಿನಷ್ಟು. ಹೋದ ವರ್ಷ ಕಡಲೆಕಾಳಿನಷ್ಟು ಆಗುವ ಲಕ್ಷಣವಿತ್ತು, ಅಷ್ಟರಲ್ಲಿ ಯಾರದೋ ಅಜ್ಜಿಯ ಛತ್ರಿ ಅಡ್ಡ ಬಂತು.

ಜೂನ್ ತಿಂಗಳ ಒಂದು ಸಂಜೆ ಚಿಸಾತೊ ನನ್ನೆದುರು ಬಂದು ಕೂತು, “ಅಪ್ಪಾ, ಈ ಸಲ ನನ್ನ ಮುಖ ಕಾಣ್ಬೇಕು,” ಎಂದಳು.

“ಕಾಣತ್ತೆ ಪುಟ್ಟಿ.”

“ಕಾಳು ಬೇಡ. ಮುಖ. ಆಮೇಲೆ ಹೇಳ್ಲಿಲ್ಲ ಅನ್ಬೇಡ, ಈಗ್ಲೇ ಹೇಳ್ತಿದೀನಿ, ಇದೇ ಕೊನೇದು.”

ಈ ಮಾತು ನನ್ನ ಎದೆಗೆ ನಾಟಿತು. ದೂರದಲ್ಲಿ ಓಡುವ ಮಗುವಿನ ಮುಖವನ್ನು ಹತ್ತಿರಕ್ಕೆ ಎಳೆದು ತರಬೇಕಾದರೆ ಉದ್ದನೆಯ ಲೆನ್ಸ್ ಬೇಕು. ತೆಗೆದುಕೊಳ್ಳೋಣವೆಂದು ಅಂದೇ ತೀರ್ಮಾನಿಸಿದೆವು. ತೀರ್ಮಾನಿಸಲು ಐದು ನಿಮಿಷ ಹಿಡಿಯಿತು. ಯಾವುದನ್ನು ಎಂದು ಆರಿಸಲು ನಾಲ್ಕು ತಿಂಗಳು ಹಿಡಿಯಿತು, ಮತ್ತು ಆ ನಾಲ್ಕು ತಿಂಗಳಲ್ಲಿ ನಮ್ಮ ದಾಂಪತ್ಯ ಎಷ್ಟು ಸಲ ಅಲುಗಾಡಿತು ಎಂಬುದಕ್ಕೆ ಯಾವ ಅಳತೆಗೋಲೂ ನನ್ನ ಕಚೇರಿಯಲ್ಲಿಲ್ಲ.

ನಮ್ಮ ಮುಂದೆ ಮೂರು ದಾರಿಗಳಿದ್ದವು. ಕ್ಯಾಮೆರಾ ಮಾಡಿದ ಕಂಪನಿಯದೇ ಹೊಸ ಲೆನ್ಸ್ ಒಂದು. ಅದರ ಬೆಲೆ ನೋಡಿ ಕಿನುಕೊ, “ಇದರ ಜೊತೆ ಓಡೋಕೆ ಮಗೂನೂ ಕೊಡ್ತಾರಾ?” ಎಂದಳು, ಆ ದಾರಿ ಅಲ್ಲಿಗೇ ಮುಚ್ಚಿತು. ಎರಡನೆಯದು, ಬೇರೆ ಕಂಪನಿಯವರು ಮಾಡಿ ನಮ್ಮ ಕ್ಯಾಮೆರಾಕ್ಕೆ ಹೊಂದುತ್ತದೆಂದು ಮಾರುವ ಲೆನ್ಸ್. ಬೆಲೆ ಅರ್ಧ. ಮೂರನೆಯದು, ಕಂಪನಿಯದೇ, ಆದರೆ ಇನ್ನೊಬ್ಬರು ಬಳಸಿ ಬಿಟ್ಟದ್ದು.

ಅರ್ಧ ಬೆಲೆ ಎಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಯಾವ ಅರ್ಧವನ್ನು ಬಿಟ್ಟಿದ್ದಾರೆ? ನಾನು ಅಂಗಡಿಗಳಲ್ಲಿ ಕೇಳುವ ಮೊದಲ ಪ್ರಶ್ನೆಯೇ ಅದು.

ನಮ್ಮ ಬೀದಿಯ ಕೊನೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಇಟ್ಟಿರುವ ಉಗಾಜಿನ್ ಅವರ ಬಳಿ ಇಂಥದೇ ಹೊರಗಿನ ಲೆನ್ಸ್ ಇತ್ತು. ಅವರ ಮಗಳು ಕೊಜುಎ ಚಿಸಾತೊಳ ತರಗತಿಯವಳೇ. ಇಬ್ಬರೂ ಒಂದೇ ತಂಡದ ಓಟಗಾರ್ತಿಯರು, ಒಂದೇ ಎತ್ತರ, ಇಬ್ಬರಿಗೂ ಎರಡು ಜಡೆ. ಒಂದು ಭಾನುವಾರ ನನ್ನ ಕೋಟನ್ನು ಕೊಡುವ ನೆಪದಲ್ಲಿ ಹೋಗಿ ವಿಚಾರಣೆ ಶುರುಮಾಡಿದೆ.

“ಇದು ನಿಮ್ಮ ಕ್ಯಾಮೆರಾಕ್ಕೆ ಚೆನ್ನಾಗಿ ಹೊಂದಿಕೊಂಡಿದೆಯಾ?”

“ಓಹೋ, ಚೆನ್ನಾಗಿ.”

“ನಾಳೆ ಕ್ಯಾಮೆರಾ ಕಂಪನಿಯವ್ರು ಒಳಗಿನ ಪ್ರೋಗ್ರಾಂ ಬದಲಾಯಿಸಿದ್ರು ಅನ್ಕೊಳ್ಳಿ. ಆಗ ಕ್ಯಾಮೆರಾ ಈ ಲೆನ್ಸ್‌ನ ಗುರುತೇ ಇಲ್ಲ ಅಂದ್ಬಿಟ್ರೆ?”

“ಲೆನ್ಸಿನವ್ರೂ ಬದಲಾಯಿಸಿ ಕೊಡ್ತಾರೆ. ಒಂದು ವಾರ, ಹತ್ತು ದಿನ ಕಾಯ್ಬೇಕಾಗತ್ತೆ.”

“ಆ ಹತ್ತು ದಿನದಲ್ಲೇ ಕ್ರೀಡಾ ದಿನ ಬಂದ್ರೆ?”

ಉಗಾಜಿನ್ ಇಸ್ತ್ರಿಯನ್ನು ಪಕ್ಕಕ್ಕಿಟ್ಟರು. ಅವರು ಮನೆಅಳಿಯ. ಗಂಡು ಮಕ್ಕಳಿಲ್ಲದ ಮಾವನ ಮನೆಗೆ ಬಂದು, ಮಾವನ ಅಂಗಡಿ, ಮಾವನ ಮನೆತನದ ಹೆಸರು ಎರಡನ್ನೂ ಹೊತ್ತವರು. “ಹಿರುಕಾವಾ ಅವ್ರೇ, ಹೊರಗಿಂದ ಬಂದದ್ದು ಹೊಂದ್ಕೊಳ್ಳಲ್ಲ ಅಂತ ನನ್ನ ಮುಂದೆ ಹೇಳ್ಬೇಡಿ. ಹತ್ತೊಂಬತ್ತು ವರ್ಷದಿಂದ ಹೊಂದ್ಕೊಂಡಿದೀನಿ. ನಮ್ಮತ್ತೆ ಎಷ್ಟು ಸಲ ಪ್ರೋಗ್ರಾಂ ಬದಲಾಯಿಸಿದಾರೆ ಗೊತ್ತಾ?” ಎಂದರು. ಒಳಗಿನಿಂದ ಅತ್ತೆ ಕೆಮ್ಮಿದ ಸದ್ದು ಕೇಳಿಸಿತು. ಉಗಾಜಿನ್ ಮತ್ತೆ ಇಸ್ತ್ರಿ ಹಿಡಿದರು.

ಆದರೂ ನ್ಯಾಯವಾಗಿ ತೂಗಬೇಕಲ್ಲ. ಎರಡೂ ಕಂಪನಿಗಳ ಗ್ರಾಹಕ ಸೇವೆಗೆ ಫೋನ್ ಮಾಡಿದೆ. ಹೊರಗಿನ ಲೆನ್ಸಿನವರು ಒಂದೇ ರಿಂಗಿಗೆ ಎತ್ತಿಕೊಂಡರು. ದನಿಯಲ್ಲಿ ಜೇನು ಸುರಿಯುತ್ತಿತ್ತು. ನಾನು ಕೇಳಿದ್ದಕ್ಕೂ ಉತ್ತರ ಕೊಟ್ಟರು, ಕೇಳದ್ದಕ್ಕೂ ಕೊಟ್ಟರು. ಕ್ಯಾಮೆರಾ ಕಂಪನಿಯವರು ಹನ್ನೊಂದು ನಿಮಿಷ ಪಿಯಾನೋ ಕೇಳಿಸಿ, ಆಮೇಲೆ ಸಾಲು ಉದ್ದವಿದೆ, ನಾಳೆ ಮಾಡಿ ಎಂದರು.

“ನೋಡಿದ್ಯಾ?” ಎಂದೆ ಕಿನುಕೊಗೆ. “ಇವರಿಗೆ ಎಷ್ಟು ಕೆಲಸ! ನಂಬಿಕಸ್ಥರು. ಅವರು ನೋಡು, ಒಂದೇ ರಿಂಗಿಗೆ ಎತ್ತಿದ್ರು. ಕೆಲಸ ಇಲ್ದೆ ಫೋನ್ ಪಕ್ಕದಲ್ಲೇ ಕೂತಿರ್ತಾರೆ ಅಂತಾಯ್ತು.”

“ಅಲ್ಲಾ ರೀ, ಬೇಗ ಎತ್ತಿದ್ದು ತಪ್ಪಾ?”

“ತಪ್ಪಲ್ಲ. ಅನುಮಾನಕ್ಕೆ ಆಸ್ಪದ.”

“ನೀವು ಫೋನ್ ಮಾಡಿದಾಗ ನಾನು ಒಂದೇ ರಿಂಗಿಗೆ ಎತ್ತಿದ್ರೆ?”

ನಿಜ ಹೇಳಬೇಕೆಂದರೆ ಅದರ ಬಗ್ಗೆಯೂ ನನಗೆ ಒಂದು ಸಣ್ಣ ಅನುಮಾನವಿತ್ತು.

ಹೀಗಾಗಿ ಉಳಿದದ್ದು ಮೂರನೆಯ ದಾರಿ. ನಕಾನೊದ ಒಂದು ಓಣಿಯಲ್ಲಿ ಮೊಟೆಗಿ ಎಂಬ ಮುದುಕರ ಅಂಗಡಿಯಿದೆ. ಒಬ್ಬರು ಒಳಗೆ ಹೋಗಬೇಕಾದರೆ ಇನ್ನೊಬ್ಬರು ಉಸಿರು ಒಳಗೆಳೆದುಕೊಳ್ಳಬೇಕು, ಅಷ್ಟು ಅಗಲ. ನೆಲದಿಂದ ಸೂರಿನವರೆಗೆ ಬಳಸಿದ ಕ್ಯಾಮೆರಾ, ಬಳಸಿದ ಲೆನ್ಸ್. ಒಂದೊಂದಕ್ಕೂ ಮುತ್ತಿನಂಥ ಅಕ್ಷರದಲ್ಲಿ ಒಂದೊಂದು ಚೀಟಿ: ‘ಒಳಗೆ ಸಣ್ಣ ಧೂಳಿನ ಕಣ ಎರಡು. ಫೋಟೋಕ್ಕೆ ತೊಂದರೆಯಿಲ್ಲ.’ ‘ಹಿಡಿಕೆ ಸವೆದಿದೆ. ಹಿಂದಿನವರು ಎಡಗೈಯವರು.’ ‘ಮಾಲೀಕರು ಬಹಳ ಪ್ರೀತಿಯಿಂದ ಇಟ್ಟುಕೊಂಡಿದ್ದರು.’ ನನ್ನ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ತನ್ನ ದೋಷವನ್ನು ತಾನೇ ಬರೆದು ತೂಗುಹಾಕಿದ ವ್ಯಾಪಾರಿಯನ್ನು ನಾನು ಕಂಡಿರಲಿಲ್ಲ. ನನ್ನ ಮೈಯೆಲ್ಲ ಎಚ್ಚರವಾಯಿತು. ಎರಡು ಕಣ ಧೂಳು ಇದೆ ಎಂದು ತಾನಾಗಿ ಹೇಳುವ ಮನುಷ್ಯ ಇನ್ನೆಷ್ಟನ್ನು ಬಚ್ಚಿಟ್ಟಿರಬೇಕು!

ಕಪಾಟಿನಲ್ಲಿ ನನಗೆ ಬೇಕಾದದ್ದು ಇತ್ತು. ಕಂಪನಿಯದೇ, ಮೊಳದುದ್ದದ ಲೆನ್ಸ್. ನಾನು ಕಿಸೆಯಿಂದ ಟಾರ್ಚ್ ತೆಗೆದೆ. ಮುಂದಿನಿಂದ ಬೆಳಕು ಬಿಟ್ಟು ನೋಡಿದೆ, ಹಿಂದಿನಿಂದ ಬಿಟ್ಟು ನೋಡಿದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಕೊನೆಗೆ ಬೂಷ್ಟಿನ ವಾಸನೆಯಿದೆಯೋ ಎಂದು ಮೂಸಿಯೂ ನೋಡಿದೆ.

“ಅದು ಮೀನಲ್ಲ,” ಎಂದರು ಮೊಟೆಗಿ.

“ಹಿಂದಿನ ಮಾಲೀಕರು ಯಾಕೆ ಮಾರಿದ್ರು?”

“ಸೊಂಟ ನೋವು.”

“ಲೆನ್ಸಿಗಾ?”

“ಮಾಲೀಕರಿಗೆ. ಲೆನ್ಸಿಗೆ ಇನ್ನೂ ಬಂದಿಲ್ಲ.”

“ಅವರ ಫೋನ್ ನಂಬರ್ ಕೊಡ್ತೀರಾ? ಒಂದು ಮಾತು ಕೇಳ್ಬೇಕು.”

ಮೊಟೆಗಿ ಕನ್ನಡಕ ತೆಗೆದು ಒರೆಸಿಕೊಂಡರು. “ಸ್ವಾಮೀ, ನಾನು ನಲವತ್ತಾರು ವರ್ಷದಿಂದ ಈ ಅಂಗಡೀಲಿ ಕೂತಿದೀನಿ. ಮದುವೆಗೆ ಹುಡುಗೀನ ನೋಡೋಕೆ ಹೋದವ್ರೂ ಇಷ್ಟು ಕೇಳಲ್ಲ. ಆರು ತಿಂಗಳು ಅಂಗಡಿ ಕಡೆಯಿಂದ ಭರವಸೆ ಇದೆ. ಬೇಕಿದ್ರೆ ಕಂಪನಿಯವ್ರ ಹತ್ರ ತಗೊಂಡೋಗಿ ತೋರಿಸ್ಕೊಂಡು ಬನ್ನಿ. ದೋಷ ಇದೆ ಅಂದ್ರೆ ದುಡ್ಡು ವಾಪಸ್ಸು.”

ಇಷ್ಟು ಧೈರ್ಯವಾಗಿ ಹೇಳಿದ್ದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಆದರೂ ಕೊಂಡೆ.

ಶಿಂಜುಕುವಿನ ಗಗನಚುಂಬಿ ಕಟ್ಟಡದ ಇಪ್ಪತ್ತೆಂಟನೆಯ ಮಹಡಿಯಲ್ಲಿ ಕಂಪನಿಯ ಸೇವಾ ಕೇಂದ್ರ. ಎಂಥ ಭವ್ಯ ಸನ್ನಿಧಾನ! ನಾನು ಚೀಟಿ ಹಿಡಿದು ಕಾದೆ. ಬಿಳಿ ಕೈಗವಸು ತೊಟ್ಟ ಹೋರಿಗೊಮೆ ಎಂಬ ಮಹಿಳೆ ಲೆನ್ಸನ್ನು ಹಸುಗೂಸನ್ನು ಎತ್ತಿಕೊಳ್ಳುವಂತೆ ಎರಡೂ ಕೈಯಲ್ಲಿ ಎತ್ತಿಕೊಂಡರು.

“ಬಳಸಿದ್ದನ್ನ ಕೊಂಡ್ರೂ ನೀವು ನೋಡ್ಕೊಳ್ತೀರಾ?” ಎಂದೆ.

“ಖಂಡಿತ. ಯಾರ ಕೈಯಲ್ಲಿದ್ರೂ ನಮ್ಮ ಲೆನ್ಸ್ ನಮ್ಮದೇ. ಈ ಮಾದರಿಯ ತಯಾರಿಕೆ ನಿಂತು ಕೆಲವು ವರ್ಷವಾಗಿದೆ. ಬಿಡಿಭಾಗಗಳನ್ನ ಮುಂದಿನ ವರ್ಷ ಸೆಪ್ಟೆಂಬರ್ ಕೊನೆಯವರೆಗೆ ಇಟ್ಟಿರ್ತೀವಿ. ಅಲ್ಲೀವರೆಗೆ ಏನೇ ಕೆಟ್ರೂ ರಿಪೇರಿ ಮಾಡಿಕೊಡ್ತೀವಿ.”

“ಅಕ್ಟೋಬರ್ ಒಂದಕ್ಕೆ ಕೆಟ್ಟರೆ?”

ಆಕೆ ಎದ್ದು ನಿಂತು, ಸೊಂಟದಿಂದ ಬಾಗಿ, “ಅತ್ಯಂತ ವಿಷಾದಿಸುತ್ತೇವೆ,” ಎಂದರು. ಅಕ್ಟೋಬರ್ ಒಂದಕ್ಕೆ ಇನ್ನೂ ಒಂದು ವರ್ಷವಿತ್ತು, ಆದರೂ ಆಕೆ ಅಷ್ಟು ಮನಮುಟ್ಟುವಂತೆ ವಿಷಾದಿಸಿದ್ದರಿಂದ ನಾನೂ ಎದ್ದು ಬಾಗಿದೆ. ಸ್ವಲ್ಪ ಹೊತ್ತು ಇಬ್ಬರೂ ಬಾಗಿಕೊಂಡೇ ಇದ್ದೆವು.

ಒಂದು ವಾರದ ನಂತರ ವರದಿ ಬಂತು. ‘ಯಾವುದೇ ದೋಷ ಕಂಡುಬಂದಿಲ್ಲ.’

ಕಂಡುಬಂದಿಲ್ಲ! ಈ ವಾಕ್ಯದ ಒಳಗುಟ್ಟು ನನಗೆ ಗೊತ್ತಿಲ್ಲವೇ? ಮಧ್ಯಾಹ್ನದ ಊಟಕ್ಕೆ ಹೊತ್ತಾದಾಗ ನಾನೂ ಇದನ್ನೇ ಬರೆಯುತ್ತೇನೆ. ಮತ್ತೊಮ್ಮೆ ತೆಗೆದುಕೊಂಡು ಹೋದೆ. ಮತ್ತೊಮ್ಮೆ ಕಂಡುಬರಲಿಲ್ಲ. ಮೂರನೆಯ ಸಲ ಹೋರಿಗೊಮೆಯವರು ನನ್ನ ಮುಖ ಕಂಡ ಕೂಡಲೇ ಬಾಗಿದರು. ಆ ಬಾಗುವಿಕೆಯಲ್ಲಿ ಗೌರವಕ್ಕಿಂತ ಆಯಾಸ ಹೆಚ್ಚಿತ್ತು.

“ಗ್ರಾಹಕರೇ, ಈ ಲೆನ್ಸಿನಿಂದ ಇದುವರೆಗೆ ಎಷ್ಟು ಫೋಟೋ ತೆಗೆದಿದ್ದೀರಿ?”

“ಇನ್ನೂ ತೆಗೆದಿಲ್ಲ. ಮೊದಲು ಸರಿ ಇದೆಯೋ ಇಲ್ವೋ ಗೊತ್ತಾಗ್ಲಿ ಅಂತ...”

“ದಯವಿಟ್ಟು ಒಮ್ಮೆ ತೆಗೆದು ನೋಡಿ,” ಎಂದರು ಆಕೆ, ಮೂರನೆಯ ಸಲವೂ ‘ಕಂಡುಬಂದಿಲ್ಲ’ ಎಂದು ಬರೆದುಕೊಡುತ್ತ. ಕಂಪನಿಯವರು ಗ್ರಾಹಕರನ್ನು ಬೇಡಿಕೊಂಡದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಅಂದಿನಿಂದ ಮನೆಯಲ್ಲಿ ಪರೀಕ್ಷೆಗಳು ನಡೆದವು. ಗುರಿಯಿಟ್ಟ ವಸ್ತುವನ್ನು ಬಿಟ್ಟು ಲೆನ್ಸ್ ಅದರ ಮುಂದಿನದನ್ನೋ ಹಿಂದಿನದನ್ನೋ ಸ್ಪಷ್ಟವಾಗಿ ತೋರಿಸುತ್ತಿದೆಯೇ ಎಂಬುದು ನನ್ನ ಮುಖ್ಯ ಸಂಶಯ. ಸೋಯಾ ಸಾಸಿನ ಬಾಟಲಿಗಳನ್ನು ಸಾಲಾಗಿಟ್ಟು ಅವುಗಳ ಚೀಟಿಯ ಅಕ್ಷರ ತೆಗೆದೆ. ಒಣಹಾಕಿದ ಕಾಲುಚೀಲಗಳ ನೂಲು ತೆಗೆದೆ. ಎದುರು ಮನೆಯ ಬೆಕ್ಕಿನ ಮೀಸೆಯನ್ನು ಎಡ ಒಂಬತ್ತು, ಬಲ ಎಂಟು ಎಂದು ಎಣಿಸಿದೆ.

“ಅಪ್ಪಾ, ನಾನು ಅಂಗಳದಲ್ಲಿ ಓಡ್ಲಾ? ನನ್ನದು ತೆಗಿ,” ಎಂದು ಚಿಸಾತೊ ಎರಡು ಸಲ ಕೇಳಿದಳು.

“ಇರು ಪುಟ್ಟಿ, ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ,” ಎಂದು ಎರಡು ಸಲವೂ ಕಳಿಸಿದೆ.

ಕ್ರೀಡಾ ದಿನದ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. (ಅದರ ಮೇಲೂ ಸಂಶಯ ಬಂದು ಛತ್ರಿ ಹಿಡಿದೇ ಹೋದೆ.) ಮೈದಾನದ ತುಂಬ ನೀಲಿ ಹಾಸುಗಳು. ಕಿನುಕೊ ಬೆಳಿಗ್ಗೆ ಐದಕ್ಕೆ ಎದ್ದು ಅನ್ನದುಂಡೆ, ಕರಿದ ಕೋಳಿ, ಸುತ್ತಿದ ಮೊಟ್ಟೆ ಎಲ್ಲ ಡಬ್ಬಿಗೆ ತುಂಬಿ ತಂದಿದ್ದಳು. ಮಕ್ಕಳೆಲ್ಲ ಒಂದೇ ಥರ, ಬಿಳಿ ಅಂಗಿ, ನೀಲಿ ಚಡ್ಡಿ, ಅರ್ಧ ಜನಕ್ಕೆ ಕೆಂಪು ಟೊಪ್ಪಿಗೆ, ಅರ್ಧ ಜನಕ್ಕೆ ಬಿಳಿ. ಉಗಾಜಿನ್ ಅವರು ಗುರಿ ಮುಟ್ಟುವ ಗೆರೆಯ ಹತ್ತಿರ ಜಾಗ ಹಿಡಿದು ತಮ್ಮ ಅರ್ಧ ಬೆಲೆಯ ಲೆನ್ಸ್ ಹಿಡಿದು ನಿಂತಿದ್ದರು. ನಾನು ಕರುಣೆಯಿಂದ ತಲೆಬಾಗಿಸಿ ನಮಸ್ಕರಿಸಿ, ತಿರುವಿನ ಹಗ್ಗದ ಪಕ್ಕದಲ್ಲಿ ನೆಲೆಯೂರಿದೆ.

ರಿಲೇ ಶುರುವಾಯಿತು. ತಂಡಕ್ಕೆ ಆರು ಹುಡುಗಿಯರು, ಒಬ್ಬೊಬ್ಬರಿಗೆ ಅರ್ಧ ಸುತ್ತು. ಚಿಸಾತೊ ನಾಲ್ಕನೆಯವಳು. ಮೊದಲನೆಯ ಹುಡುಗಿಯನ್ನು ಪರೀಕ್ಷೆಗಾಗಿ ತೆಗೆದೆ. ಹಿಂದಿನ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದೆ, ಶೂವಿನ ದಾರ ಸ್ಪಷ್ಟ. ಎರಡನೆಯವಳು, ಹಲ್ಲಿನ ತಂತಿ ಸ್ಪಷ್ಟ. ಮೂರನೆಯವಳ ಕಿವಿಯ ಹತ್ತಿರ ಮಾತ್ರ ಏನೋ ಮಬ್ಬು. ಕೊನೆಗೂ ಸಿಕ್ಕಿಬಿತ್ತು! ನನ್ನ ತಲೆಯ ಟೊಪ್ಪಿಯನ್ನು ತೆಗೆದು ಪರದೆಗೆ ಮರೆ ಹಿಡಿದು, ಮೂಗು ತಾಗುವಷ್ಟು ಬಗ್ಗಿ ನೋಡತೊಡಗಿದೆ.

“ರೀ! ಬಂದ್ಲು, ಬಂದ್ಲು!” ಎಂದು ಕಿನುಕೊ ನನ್ನ ತೋಳು ಜಗ್ಗಿದಳು.

“ಒಂದು ನಿಮಿಷ. ಈ ಮಬ್ಬು ಲೆನ್ಸಿಂದೋ, ಹುಡುಗಿಯ ಕೂದಲಿಂದೋ ನೋಡ್ತಿದೀನಿ.”

“ಅಯ್ಯೋ ನಿಮ್ಮ ಮಬ್ಬಿಗಿಷ್ಟು ಬೆಂಕಿ ಹಾಕ!” ಎನ್ನುತ್ತ ಅವಳು ಮೊಬೈಲ್ ಹಿಡಿದುಕೊಂಡು ಹಗ್ಗದ ಉದ್ದಕ್ಕೂ ಓಡಿದಳು.

ಅದು ಕೂದಲೇ ಆಗಿತ್ತು. ಸಮಾಧಾನವಾಗಿ ತಲೆಯೆತ್ತಿ ಕ್ಯಾಮೆರಾ ಕಣ್ಣಿಗಿಟ್ಟುಕೊಂಡರೆ, ಆಹಾ, ಕೆಂಪು ಟೊಪ್ಪಿಗೆ, ಎರಡು ಜಡೆ, ಕೈಯಲ್ಲಿ ಬ್ಯಾಟನ್ ಹಿಡಿದು ಹೊರಟೇಬಿಟ್ಟಿದ್ದಾಳೆ! ಗುಂಡಿಯ ಮೇಲೆ ಬೆರಳಿಟ್ಟವನು ತೆಗೆಯಲೇ ಇಲ್ಲ. ಲೆನ್ಸ್ ಅವಳನ್ನು ಹಿಡಿದುಕೊಂಡ ರೀತಿ ನೋಡಬೇಕಿತ್ತು, ಬಿಡಲಿಲ್ಲ. ಅವಳು ಬಿಳಿ ಟೊಪ್ಪಿಗೆಯವಳನ್ನು ತಿರುವಿನಲ್ಲಿ ಹಿಂದೆ ಹಾಕಿದಳು. “ಚಿಸಾತೊ! ಓಡು ಚಿಸಾತೊ! ಅಪ್ಪ ಇಲ್ಲಿದಾನೆ!” ಎಂದು ಕಿರುಚಿದೆ. ಅಕ್ಕಪಕ್ಕದವರು ತಿರುಗಿ ನನ್ನನ್ನು ನೋಡಿದರು. ಲೆನ್ಸನ್ನು ಮೆಚ್ಚಿ ನೋಡುತ್ತಿದ್ದಾರೆಂದುಕೊಂಡೆ. ಕೆಂಪು ತಂಡ ಗೆದ್ದಿತು. ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಒರೆಸಿಕೊಂಡೆ.

ಊಟಕ್ಕೆ ಬಂದ ಚಿಸಾತೊ ಅನ್ನದುಂಡೆ ಕೈಯಲ್ಲಿ ಹಿಡಿದು ನನ್ನನ್ನೇ ದಿಟ್ಟಿಸಿದಳು.

“ಅಪ್ಪಾ, ಸಿಕ್ತಾ?”

“ಸಿಗ್ದೇ ಏನು! ನೂರಾ ಎಂಬತ್ತಾರು ಫೋಟೋ!”

“ನಿಜವಾಗ್ಲೂ? ನಂದೇನಾ?”

“ನೋಡು ಕಿನುಕೊ, ನಿನ್ನ ಮಗಳಿಗೆ ಅಪ್ಪನ ಮೇಲೇ ಅನುಮಾನ!” ಎಂದು ನಾನು ಗಟ್ಟಿಯಾಗಿ ನಕ್ಕೆ. ಚಿಸಾತೊ ನಗಲಿಲ್ಲ. ಅನ್ನದುಂಡೆ ಕಚ್ಚಿದಳು.

ಸಂಜೆ ಸ್ನಾನ ಮುಗಿಸಿ ಮೂವರೂ ಟಿವಿಯ ಮುಂದೆ ಕೂತೆವು. ನಾನು ಮೊದಲು ಒಂದು ಚಿಕ್ಕ ಭಾಷಣ ಮಾಡಿದೆ. ಹೊರಗಿನ ಲೆನ್ಸಿನ ಅಪಾಯಗಳು, ಕಂಪನಿಯ ಬೆಂಬಲದ ಮಹತ್ವ, ತಾಳ್ಮೆಯ ಫಲ ಇತ್ಯಾದಿ. ಕಿನುಕೊ, “ತೋರಿಸ್ತೀರೋ, ಮಲಗ್ಲೋ?” ಎಂದಳು. ತೋರಿಸಿದೆ. ಟಿವಿಯ ತುಂಬ ಓಡುವ ಹುಡುಗಿ. ಟೊಪ್ಪಿಗೆಯ ಅಂಚಿನ ನೆರಳು ಕಣ್ಣಿನ ಮೇಲೆ, ಕೆಳಗೆ ಬಿಗಿದ ಬಾಯಿ, ಕೆನ್ನೆಯ ಮೇಲೆ ಬೆವರಿನ ಒಂದೊಂದು ಹನಿಯೂ ಮುತ್ತು. ಎಂಥ ಲೆನ್ಸ್!

“ಇದು ನೋಡಿ,” ಎಂದು ಎದೆಯ ಮೇಲೆ ಹೊಲಿದ ಬಟ್ಟೆಯ ಚೀಟಿಯನ್ನು ದೊಡ್ಡದು ಮಾಡಿದೆ. “ಶಾಲೆಯವ್ರು ಬರೆಸೋ ಹೆಸರು. ಐವತ್ತು ಅಡಿ ದೂರದಿಂದ, ಓಡ್ತಿರೋ ಮಗು. ಅಕ್ಷರದ ಅಂಚು ನೋಡಿ! ಬಟ್ಟೆಯ ನೇಯ್ಗೆ ನೋಡಿ! ಪುಟ್ಟಿ, ಓದು ನೋಡೋಣ.”

ಚಿಸಾತೊ ಓದಿದಳು. “ಉಗಾಜಿನ್.”

“ಏನು?”

“ಉಗಾಜಿನ್ ಅಂತಿದೆ ಅಪ್ಪಾ. ಅದು ಕೊಜುಎ. ಐದನೇ ಓಟಗಾರ್ತಿ.”

ನಾನು ಮುಂದಿನ ಫೋಟೋ ಒತ್ತಿದೆ. ಕೊಜುಎ. ಅದರ ಮುಂದಿನದು. ಕೊಜುಎ. ನೂರಾ ಎಂಬತ್ತಾರು ಸಲ ಒತ್ತಿದೆ, ಪ್ರತಿ ಸಲವೂ ಕೊಜುಎಯ ರೆಪ್ಪೆಗೂದಲನ್ನು ಎಣಿಸಬಹುದಿತ್ತು.

“ನಾನು ನಿನ್ನ ಪಕ್ಕದಲ್ಲೇ ಓಡ್ದೆ ಅಪ್ಪಾ,” ಎಂದಳು ಚಿಸಾತೊ. ದನಿ ಸಣ್ಣದಾಗಿತ್ತು. “ಹಗ್ಗದ ಈಚೆ. ಕೈ ಚಾಚಿದ್ರೆ ಸಿಗ್ತಿದ್ದೆ. ಅಪ್ಪಾ ಅಂತ ಕೂಗ್ದೆ. ನೀನು ಟೊಪ್ಪಿ ಹಿಡ್ಕೊಂಡು ಬಗ್ಗಿಕೊಂಡಿದ್ದೆ.”

ಕಿನುಕೊಳ ಮೊಬೈಲಿನಲ್ಲಿ ನಲವತ್ತು ಸೆಕೆಂಡಿನ ವೀಡಿಯೊ ಇತ್ತು: ಅವಳ ಚಪ್ಪಲಿ, ಹುಲ್ಲು, ಮತ್ತೆ ಚಪ್ಪಲಿ, ಮೇಲಿಂದ ಕಿರುಚಾಟ. ನಾನು ಹುಚ್ಚನ ಹಾಗೆ ಎಲ್ಲ ಫೋಟೋಗಳನ್ನೂ ಮತ್ತೆ ಜಾಲಾಡಿದೆ. ಕೊನೆಗೆ ನೂರ ಅರವತ್ತೊಂದನೆಯದರಲ್ಲಿ ಸಿಕ್ಕಳು. ಮುಂದೆ ಕೊಜುಎ, ಕೆತ್ತಿದ ಹಾಗೆ. ಹಿಂದೆ ಮೂಲೆಯಲ್ಲಿ, ಓಡಿ ಮುಗಿಸಿ ನೆಲದ ಮೇಲೆ ಕೂತ ಕೆಂಪು ಟೊಪ್ಪಿಗೆಗಳ ಸಾಲಿನಲ್ಲಿ ಒಬ್ಬಳು ಮಾತ್ರ ಎದ್ದು ನಿಂತಿದ್ದಾಳೆ. ಮಬ್ಬು ಮಬ್ಬು. ಮುಖವೆಂಬುದು ಒಂದು ಬಿಳಿಯ ಚುಕ್ಕೆ. ಆದರೆ ನೇರವಾಗಿ ನನ್ನ ಲೆನ್ಸಿನ ಕಡೆಗೇ ತಿರುಗಿ, ತೋರುಬೆರಳನ್ನು ಮೂಗಿನ ತುದಿಗೆ ಒತ್ತಿ ಹಿಡಿದಿದ್ದಾಳೆ. ನಮ್ಮಲ್ಲಿ ‘ನಾನು’ ಎಂದು ತೋರಿಸುವುದು ಹಾಗೆಯೇ. ನಾನು, ಅಪ್ಪಾ, ನಾನು.

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಇಪ್ಪತ್ತೆರಡು ವರ್ಷದ ಅಭ್ಯಾಸ, ಬಾಯಿ ತಾನಾಗಿ ಆಡಿತು. “ನೋಡು, ಮುಂದಿನವಳನ್ನೇ ಹಿಡ್ಕೊಂಡಿದೆ. ಹಿಂದಿನವಳನ್ನ ಬಿಟ್ಟಿದೆ. ಲೆನ್ಸಿನಲ್ಲಿ ಏನೋ...”

“ಬಾಯಿ ಮುಚ್ಚಿ,” ಎಂದಳು ಕಿನುಕೊ. “ಲೆನ್ಸ್ ಮೂರು ಸಲ ಪಾಸಾಗಿದೆ. ನಿಮ್ಮನ್ನ ಕರ್ಕೊಂಡು ಹೋಗ್ಬೇಕಿತ್ತು ಆ ಇಪ್ಪತ್ತೆಂಟನೇ ಮಹಡಿಗೆ. ಹೋದ್ರೂ ಏನು, ನಿಮ್ಮ ಬಿಡಿಭಾಗ ನಿಂತು ಎಷ್ಟೋ ವರ್ಷ ಆಯ್ತು.”

ಚಿಸಾತೊ ಎದ್ದುಹೋಗಿ ತನ್ನ ಕೋಣೆಯ ಬಾಗಿಲು ಸರಿಸಿಕೊಂಡಳು. ದಢಾರನೆ ಎಳೆದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಮೆಲ್ಲಗೆ ಎಳೆದುಕೊಂಡಳು.

ಮರುದಿನ ಉಗಾಜಿನ್ ಅವರು ಸಿಹಿ ಹುರುಳಿ ಹೂರಣ ತುಂಬಿದ ಕಡುಬಿನ ಡಬ್ಬಿ ಹಿಡಿದು ಬಾಗಿಲಿಗೆ ಬಂದರು. ಸುದ್ದಿ ಕೊಜುಎಯಿಂದ ತಲುಪಿತ್ತು. “ಹಿರುಕಾವಾ ಅವ್ರೇ, ಸ್ವಂತ ಮಗಳನ್ನ ಬಿಟ್ಟು ನನ್ನ ಮಗಳದ್ದು ತೆಗೆದಿದೀರಂತೆ. ಏನು ಹೇಳ್ಲಿ! ನಂದೆಲ್ಲ ಅಲ್ಲಾಡಿ ಹೋಗಿದೆ, ಕೈ ನಡುಗಿತು. ಒಪ್ಕೊಂಡೆ, ಕಂಪನಿ ಲೆನ್ಸ್ ಅಂದ್ರೆ ಕಂಪನಿ ಲೆನ್ಸೇ,” ಎಂದು ಮೂರು ಸಲ ಬಾಗಿದರು. ನಾಲ್ಕು ತಿಂಗಳು ನಾನು ಕೇಳಬೇಕೆಂದು ಹಂಬಲಿಸಿದ್ದ ಮಾತು ಅದು. ಡಬ್ಬಿ ಇಸಿದುಕೊಂಡು ನಾನು ನಾಲ್ಕು ಸಲ ಬಾಗಿದೆ.

ಮನೆಯಲ್ಲಿ ಚಿಸಾತೊ ನನ್ನ ಜೊತೆ ಮಾತು ನಿಲ್ಲಿಸಿದಳು. ಸಿಟ್ಟಿಲ್ಲ, ಅಳುವಿಲ್ಲ. ‘ಹೂಂ’, ‘ಊಹೂಂ’, ಅಷ್ಟೇ. ನಾನು ತಪ್ಪಾಯಿತೆಂದೆ. ಅಂಗಳದಲ್ಲಿ ಓಡು, ಈಗ ತೆಗೆಯುತ್ತೇನೆಂದೆ. “ಬ್ಯಾಟನ್ ಇಲ್ಲ,” ಎಂದಳು. ಆಲ್ಬಮ್ಮಿಗೆ ಯಾವ ಫೋಟೋ ಕೊಡುವುದೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವಳೇ ಅಮ್ಮನ ಹತ್ತಿರ ಮುದ್ರಿಸಿಕೊಂಡು ಒಂದನ್ನು ಕೊಟ್ಟಿದ್ದಾಳೆಂದು ಆಮೇಲೆ ತಿಳಿಯಿತು.

ನಾಲ್ಕನೆಯ ದಿನ ಸಂಜೆ ಊಟಕ್ಕೆ ಕೂತಿದ್ದಾಗ ಫೋನ್ ಬಂತು. ತರಗತಿಯ ಟೀಚರ್ ಶಿಮೊಜೊ ಅವರು. ನಾನೇ ಎತ್ತಿಕೊಂಡೆ. ಒಂದೇ ರಿಂಗಿಗೆ.

“ಹಿರುಕಾವಾ ಅವ್ರೇ, ತೊಂದ್ರೆ ಕೊಡ್ತಿದೀನಿ, ಕ್ಷಮಿಸಿ. ಆಲ್ಬಮ್ಮಿಗೆ ಚಿಸಾತೊ ಕೊಟ್ಟಿರೋ ಫೋಟೋ... ಅವಳು ತುಂಬ ಮಬ್ಬಾಗಿದಾಳೆ. ಮೂಗಿನ ಮೇಲೆ ಬೆರಳಿದೆ ಅಂತ ಮಾತ್ರ ಗೊತ್ತಾಗತ್ತೆ. ಬೇರೆ ಇದ್ರೆ ಕೊಡು ಅಂದೆ. ‘ಇದೇ ಇರ್ಲಿ, ನಮ್ಮಪ್ಪ ತೆಗ್ದಿದ್ದು’ ಅಂತಾಳೆ. ಕ್ಯಾಮೆರಾದಲ್ಲಿ ಏನಾದ್ರೂ ದೋಷ ಇತ್ತಾ?”

“ಇಲ್ಲ,” ಎಂದೆ.

“ಲೆನ್ಸ್ ಬೇರೆ ಕಂಪನಿಯದಾ? ಒಮ್ಮೊಮ್ಮೆ ಹೊಂದಲ್ಲ ಅಂತಾರೆ.”

“ಅಲ್ಲ ಟೀಚರ್. ಕಂಪನಿಯದೇ.”

“ಹಾಗಾದ್ರೆ ಬಳಸಿದ್ದನ್ನ ಕೊಂಡಿದ್ರೇನೋ. ಅಂಥ ಅಂಗಡಿಯವ್ರನ್ನ ನಂಬೋ ಹಾಗಿಲ್ಲ ಅಲ್ವಾ?”

“ನಂಬ್ಬಹುದು. ತುಂಬ ಪ್ರಾಮಾಣಿಕರು. ಕಂಪನಿಯವ್ರು ಮೂರು ಸಲ ನೋಡಿ ಬರೆದುಕೊಟ್ಟಿದಾರೆ, ಯಾವುದೇ ದೋಷ ಇಲ್ಲ ಅಂತ. ಅವರೂ ಸರಿಯಾಗೇ ನೋಡಿದಾರೆ.” ನನ್ನ ಬಾಯಿಂದ ಇಷ್ಟೊಂದು ನಂಬಿಕೆಯ ಮಾತು ಒಟ್ಟಿಗೆ ಬಂದದ್ದನ್ನು ಕೇಳಿ ಕಿನುಕೊ ಸೂಪಿನ ಬಟ್ಟಲು ಕೆಳಗಿಟ್ಟಳು. ಚಿಸಾತೊ ಊಟ ನಿಲ್ಲಿಸಿ ನನ್ನನ್ನೇ ನೋಡತೊಡಗಿದಳು.

“ಅಯ್ಯೋ, ಹಾಗಾದ್ರೆ ದೋಷ ಯಾರದ್ದು?” ಎಂದರು ಟೀಚರ್.

ಫೋನನ್ನು ಕಿವಿಗೆ ಒತ್ತಿಕೊಂಡೇ ನಾನು ಬೆನ್ನು ಬಾಗಿಸಿ, ತೋರುಬೆರಳನ್ನು ಮೂಗಿನ ತುದಿಗೆ ಇಟ್ಟುಕೊಂಡೆ. ಟೀಚರಿಗೆ ಅದು ಕಾಣಿಸುವಂತಿರಲಿಲ್ಲ. “ಹಲೋ? ಹಿರುಕಾವಾ ಅವ್ರೇ? ಇದೀರಾ?” ಎಂದು ಅವರು ಕೇಳುತ್ತಲೇ ಇದ್ದರು. ಮೇಜಿನ ಆಚೆ ಕೂತಿದ್ದ ಚಿಸಾತೊಗೆ ಮಾತ್ರ ಚೆನ್ನಾಗಿ ಕಾಣಿಸಿತು, ನಾಲ್ಕು ದಿನಗಳ ಮೇಲೆ ಮೊದಲ ಸಲ ಅವಳು ಬಾಯಲ್ಲಿದ್ದ ಅನ್ನವೆಲ್ಲ ಮೇಜಿನ ಮೇಲೆ ಚೆಲ್ಲುವ ಹಾಗೆ ನಕ್ಕುಬಿಟ್ಟಳು.